ಜರ್ಮನ್‌ಟೌನ್‌ನಲ್ಲಿ ಇನ್ನೊಬ್ಬಳ ಇಕೆಬಾನಾ

ಇಳಿದ ದಿನ

ಅಮೆರಿಕಕ್ಕೆ ಹೋಗಿ ಬಂದವರನ್ನು ಮೈಸೂರಿನಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಏನೇನು ನೋಡಿದಿರಿ? ನಾನು ಅಲ್ಲಿ ಹದಿನೆಂಟು ದಿನ ಇದ್ದೆ. ವಾಷಿಂಗ್ಟನ್‌ಗೆ ಒಂದು ಗಂಟೆಯೂ ಆಗದ ದಾರಿ, ಆದರೂ ಶ್ವೇತಭವನ ನೋಡಲಿಲ್ಲ. ನದಿ ದಂಡೆಯ ಚೆರ್ರಿ ಮರಗಳು ನಾನು ಹೋಗುವ ಹೊತ್ತಿಗೆ ಹೂ ಉದುರಿಸಿ ಮುಗಿಸಿದ್ದವಂತೆ. ನಾನು ನೋಡಿದ್ದು ಒಂದು ಮನೆ, ಅದರ ಹಾಲ್‌ನಲ್ಲಿ ಹಾಕಿದ್ದ ಆಸ್ಪತ್ರೆಯ ಮಂಚ, ಒಂದು ಹೂವಿನ ಪ್ರದರ್ಶನ, ಅಷ್ಟೆ. ಅದನ್ನೇ ಬರೆಯುತ್ತೇನೆ.

ವಿಮಾನ ನಿಲ್ದಾಣದಲ್ಲೇ ಮೊದಲ ಎಡವಟ್ಟಾಯಿತು. ಗಿಡ, ಬೀಜ, ಹಣ್ಣು ಏನಾದರೂ ತಂದಿದ್ದೀರಾ ಎಂದು ಕೇಳಿದ ಅಧಿಕಾರಿಗೆ ‘ಹೌದು’ ಎಂದು ನಿಜ ಹೇಳಿದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಡಂ ಆಗಿದ್ದವಳಿಗೆ ಫಾರಂ ಮುಂದೆ ಸುಳ್ಳು ಬರುವುದಿಲ್ಲ. ಚೀಲದಲ್ಲಿ ಏಳು ಒಣ ತಾವರೆಕಾಯಿಗಳಿದ್ದವು. ಮೈಸೂರಿನ ಹೊರಗಿನ ಕೆರೆಯೊಂದರಿಂದ ತರಿಸಿ, ನೆರಳಿನಲ್ಲಿ ಒಣಗಿಸಿ, ಹಳೆಯ ಸೀರೆಯಲ್ಲಿ ಸುತ್ತಿ ತಂದಿದ್ದೆ. ಅಧಿಕಾರಿ ನೀಲಿ ಕೈಗವಸು ಹಾಕಿಕೊಂಡು ಒಂದು ಕಾಯನ್ನು ಅಲ್ಲಾಡಿಸಿದ. ಒಳಗೆ ಬೀಜಗಳು ಗಲಗಲ ಎಂದವು. ‘ಸಾರಿ ಮ್ಯಾಮ್’ ಎಂದು ಏಳನ್ನೂ ಒಂದೊಂದಾಗಿ ಡಬ್ಬಕ್ಕೆ ಹಾಕಿದ. ಸೀರೆಯನ್ನು ಮಡಿಸಿ ನನ್ನ ಕೈಗೆ ಕೊಟ್ಟ.

ಆಮೇಲೆ ಅವನ ಕೈಗೆ ನನ್ನ ಕೆಂಜಾನ್ ಸಿಕ್ಕಿತು. ಅಂಗೈ ಅಗಲದ ಭಾರವಾದ ಸೀಸದ ಬಿಲ್ಲೆ, ಮೇಲೆ ತುಂಬ ಹಿತ್ತಾಳೆಯ ಮೊಳೆಗಳು. ಇಕೆಬಾನಾದಲ್ಲಿ, ಅಂದರೆ ಜಪಾನಿನ ಹೂಜೋಡಣೆಯಲ್ಲಿ, ಕೊಂಬೆಗಳು ನಿಲ್ಲುವುದು ಇದರ ಮೇಲೆ. ಇದು ಯಾತಕ್ಕೆ ಎಂದು ಕೇಳಿದ. ಹೂವಿಗೆ ಎಂದೆ. ಅವನು ಬೆರಳಿನಿಂದ ಮೊಳೆಗಳನ್ನು ಮುಟ್ಟಿ ನೋಡಿ, ನನ್ನ ನರೆತ ಕೂದಲನ್ನು ನೋಡಿ, ಅದನ್ನು ವಾಪಸ್ ಇಟ್ಟ. ಹಳೆಯ ಗೆಳತಿ ಗೀತಾಳಿಗೆಂದು ತಂದದ್ದು ಹೋಯಿತು, ನನ್ನದು ಉಳಿಯಿತು.

ಹೊರಗೆ ಗೀತಾಳ ಗಂಡ ಆನಂದ ಕಾಯುತ್ತಿದ್ದರು. ಹುಬ್ಬಳ್ಳಿಯವರು, ಜರ್ಮನ್‌ಟೌನ್‌ನ ಔಷಧ ಸಂಶೋಧನೆಯ ಲ್ಯಾಬ್ ಒಂದರಲ್ಲಿ ಕೆಲಸ. ಹದಿನೇಳು ವರ್ಷವಾದರೂ ಮಾತು ಹುಬ್ಬಳ್ಳಿಯದೇ. ನನ್ನನ್ನು ಕರೆಸಿದವರು ಅವರೇ. ಎರಡು ವಾರದ ಹಿಂದೆ ಫೋನ್ ಮಾಡಿ, "ಅಕ್ಕಾರ, ಗೀತಾಗ ಇನ್ನ ಭಾಳ ದಿನ ಇಲ್ರಿ. ಶ್ವಾಸಕೋಶದಾಗ ಶುರುವಾಗಿದ್ದು ಎಲ್ಲಾ ಕಡೆ ಹರಡೇತಿ. ನಿಮ್ಮನ್ನ ಕರೀರಿ ಅಂತ ಆಕಿ ಅಂದಿಲ್ಲ. ನಾನ ಕರ್ಯಾಕತ್ತೀನಿ" ಎಂದಿದ್ದರು.

ಕಾರಿನಲ್ಲಿ ಮತ್ತೆ ಅದನ್ನೇ ಹೇಳಿದರು. "ನೀವು ಬರ್ತೀರಿ ಅಂತ ನಿನ್ನೆ ಹೇಳೀನ್ರಿ ಆಕಿಗೆ. ಹ್ಞೂಂ ಅಂದಳು. ಮುಂದ ಏನೂ ಅನಲಿಲ್ಲ."

ಹೆದ್ದಾರಿಯ ಎರಡೂ ಕಡೆ ಕಾಡು. ಎಲೆ ಇನ್ನೂ ಬಂದಿರಲಿಲ್ಲ. ಬೂದು ಬಣ್ಣದ ಮರಗಳ ನಡುವೆ ಅಲ್ಲೊಂದು ಇಲ್ಲೊಂದು ಮರ ಮಾತ್ರ ಬರೀ ಕೊಂಬೆಯ ಮೈಗೆ ಅಂಟಿಕೊಂಡಂತೆ ನೇರಳೆ ಬಣ್ಣದ ಸಣ್ಣ ಹೂ ಬಿಟ್ಟಿತ್ತು. ರೆಡ್‌ಬಡ್ ಎಂದರು ಆನಂದ.

ಜರ್ಮನ್‌ಟೌನ್

ನಾನೂ ಗೀತಾಳೂ ಒಂಬತ್ತು ವರ್ಷ ಮಾತು ಬಿಟ್ಟದ್ದು ಯಾಕೆ ಎಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಮೈಸೂರಿನಿಂದ ಪ್ರತಿ ಶನಿವಾರ ಬೆಳಗಿನ ರೈಲು ಹಿಡಿದು ನಾವಿಬ್ಬರೂ ಬೆಂಗಳೂರಿಗೆ ಹೋಗಿ ಕಮಲಾ ಮೇಡಂ ಹತ್ತಿರ ಇಕೆಬಾನಾ ಕಲಿತವರು. ಹನ್ನೊಂದು ವರ್ಷ. ಮೇಡಂ ಕ್ಯೋಟೋದಲ್ಲಿ ಕಲಿತು ಬಂದಿದ್ದರು. ಅವರದು ಎಲ್ಲಕ್ಕಿಂತ ಹಳೆಯ ಪಂಥ, ದೇವರ ಮುಂದೆ ಹೂ ಇಡುತ್ತಿದ್ದ ಅರ್ಚಕರಿಂದ ಬೆಳೆದದ್ದು. ಅದರಲ್ಲಿ ಶೋಕಾ ಎಂಬ ಶೈಲಿ ಇದೆ. ಮೂರೇ ಗೆರೆ: ಆಕಾಶ, ಭೂಮಿ, ನಡುವೆ ಮನುಷ್ಯ. ಮೂರೂ ನೀರಿನಿಂದ ಒಂದೇ ಕಾಂಡವೆಂಬಂತೆ ಏಳಬೇಕು. ಅಳತೆ, ಕೋನ, ಎಲೆಯ ಬೆನ್ನು ಯಾವ ಕಡೆ, ಎಲ್ಲಕ್ಕೂ ನಿಯಮವಿದೆ. ಆಮೇಲೆ ಬಂದ ಪಂಥಗಳು ಒಂದೊಂದಾಗಿ ಸಡಿಲಾದವು. ಅಗಲ ತಟ್ಟೆಯಲ್ಲಿ ಜೋಡಿಸುವ ಮೊರಿಬಾನಾ ಬಂತು. ಅದಕ್ಕೂ ಈಚಿನ ಒಂದು ಪಂಥದಲ್ಲಿ ತಂತಿ, ಗಾಜು, ಪ್ಲಾಸ್ಟಿಕ್, ಏನು ಬೇಕಾದರೂ ಇಡಬಹುದು. ನಮ್ಮಲ್ಲಿ ವೀಣೆಗೆ ಬಾನಿಗಳಿರುವ ಹಾಗೆ ಎಂದುಕೊಳ್ಳಿ. ಒಬ್ಬರ ಹತ್ತಿರ ಕಲಿತ ಮೇಲೆ ಇನ್ನೊಂದು ಬಾನಿಗೆ ಹೋಗುವುದೆಂದರೆ ಬರೀ ಕೈ ಬದಲಾಯಿಸುವುದಲ್ಲ, ಗುರುವನ್ನೇ ಬದಲಾಯಿಸಿದಂತೆ.

ಗೀತಾ ಅಮೆರಿಕಕ್ಕೆ ಹೋದ ಮೇಲೂ ಏಳೆಂಟು ವರ್ಷ ಮೇಡಂಗೆ ತನ್ನ ಕೆಲಸದ ಫೋಟೋ ಕಳಿಸುತ್ತಿದ್ದಳು. ಆಮೇಲೆ ಒಂದು ದಿನ, ಇಲ್ಲಿ ಹೊಸ ಪಂಥದ ಮಿಚಿಕೊ ಎಂಬವರ ಹತ್ತಿರ ಸೇರಿದ್ದೇನೆ ಎಂದು ಬರೆದಳು. ಮೇಡಂ ಕಾಗದ ಓದಿ ಮಡಿಸಿಟ್ಟು ಅಂದಿನ ಪಾಠ ಮುಂದುವರಿಸಿದರು. ಕೋಪ ಬಂದದ್ದು ನನಗೆ. ಅವಳನ್ನು ನೋಡಿ ಬರಲೆಂದು ಆ ವರ್ಷವೇ ಹತ್ತು ವರ್ಷದ ವೀಸಾ ಮಾಡಿಸಿದ್ದೆ. ಹೋಗುವುದನ್ನು ಬಿಟ್ಟು ಕಾಗದ ಬರೆದೆ: ನಿನಗೆ ಕೈ ಹಿಡಿದು ಕಲಿಸಿದವರ ಮುಖಕ್ಕೆ ಹೊಡೆದಿದ್ದೀಯ. ಉತ್ತರ ಬರಲಿಲ್ಲ.

ಇದು ಎಲ್ಲರಿಗೂ ಗೊತ್ತಿದ್ದ ಜಗಳ. ಯಾರಿಗೂ ಗೊತ್ತಿಲ್ಲದ್ದು ಇನ್ನೊಂದಿತ್ತು. ಅದನ್ನು ಹೇಳಲೆಂದೇ ನಾನು ವಿಮಾನ ಹತ್ತಿದ್ದು.

ಮನೆ ಅಂಟಿಕೊಂಡ ಸಾಲುಮನೆಗಳಲ್ಲಿ ಒಂದು. ಎಲ್ಲ ಮನೆಗೂ ಒಂದೇ ಬಣ್ಣದ ಬಾಗಿಲು. ಹಾಲ್‌ನ ಸೋಫಾ ತೆಗೆದು ಕಿಟಕಿಯ ಪಕ್ಕ ಮಂಚ ಹಾಕಿದ್ದರು. ಹಾಸಿಗೆಯ ಮೇಲೆ ಗೀತಾ ತುಂಬ ಚಿಕ್ಕದಾಗಿ ಕಂಡಳು. ಐವತ್ತಾರು ವರ್ಷ. ಮೂಗಿಗೆ ಆಮ್ಲಜನಕದ ಕೊಳವೆ. ಕಣ್ಣು ಮಾತ್ರ ಹಳೆಯದೇ, ಎದುರಿನ ವಸ್ತು ವಕ್ರವಾಗಿದ್ದರೆ ತಕ್ಷಣ ಹಿಡಿಯುವ ಕಣ್ಣು.

"ಬಂದ್ಯಾ?" ಎಂದಳು.

"ಬಂದೆ."

"ದಪ್ಪ ಆಗಿದೀಯ." ಅಷ್ಟು ಹೇಳಿ ಕಣ್ಣು ಮುಚ್ಚಿದಳು.

ಸಾವು ಹತ್ತಿರವಿರುವ ಮನೆಯಲ್ಲಿ ನಮ್ಮಲ್ಲಿ ಜನ ತುಂಬುತ್ತಾರೆ. ಯಾರೋ ಅಡುಗೆಮನೆ ಸೇರುತ್ತಾರೆ, ಯಾರೋ ಮಂಚದ ತುದಿಯಲ್ಲಿ ಕೂತು ಊರಿನ ಸುದ್ದಿ ಹೇಳುತ್ತಾರೆ, ಎಲ್ಲರೂ ‘ಏನೂ ಆಗಲ್ಲ’ ಎನ್ನುತ್ತಾರೆ. ಅಲ್ಲಿ ಬಾಗಿಲ ಹೊರಗೆ ಒಂದು ನೀಲಿ ಐಸ್ ಪೆಟ್ಟಿಗೆ ಇತ್ತು. ನೆರೆಯವರು ಸರದಿಯ ಪಟ್ಟಿ ಮಾಡಿಕೊಂಡು ಅದರಲ್ಲಿ ಊಟ ಇಟ್ಟು, ಬೆಲ್ ಮಾಡದೆ ಹೋಗುತ್ತಿದ್ದರು. ಕಿಟಕಿಯಿಂದ ನೋಡಿದರೆ ಬೆನ್ನು ಮಾತ್ರ ಕಾಣುತ್ತಿತ್ತು. ಹದಿನೆಂಟು ದಿನ ಅವರು ಮಾಡಿದ್ದನ್ನು ತಿಂದೆ. ಎರಡು ಮುಖ ಕೂಡ ನೋಡಲಿಲ್ಲ.

ದಿನ ಬಿಟ್ಟು ದಿನ ಒಬ್ಬ ನರ್ಸ್ ಬರುತ್ತಿದ್ದಳು. ದೊಡ್ಡ ದೇಹ, ಮೆತ್ತಗಿನ ದನಿ. ಮೊದಲ ದಿನವೇ ನನಗೊಂದು ತೆಳು ಪುಸ್ತಿಕೆ ಕೊಟ್ಟಳು. ಕೊನೆಯ ವಾರಗಳಲ್ಲಿ ಏನಾಗುತ್ತದೆ, ಕೊನೆಯ ದಿನಗಳಲ್ಲಿ ಏನು, ಕೊನೆಯ ಗಂಟೆಗಳಲ್ಲಿ ಪಾದದ ಬಣ್ಣ ಹೇಗಾಗುತ್ತದೆ ಎಂದು ಅದರಲ್ಲಿ ಬರೆದಿತ್ತು. ಗೀತಾ ಕೂಡ ಅದನ್ನು ಓದಿದ್ದಳಂತೆ, ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದಳು. ಫ್ರಿಜ್ಜಿನಲ್ಲಿ ಬೆಣ್ಣೆ ಇಡುವ ಗೂಡಿನಲ್ಲಿ ಮಾರ್ಫಿನ್ ಸೀಸೆ ಇತ್ತು. ಬೆಳಿಗ್ಗೆ ಕಾಫಿಗೆ ಹಾಲು ತೆಗೆಯಲು ಹೋದಾಗಲೆಲ್ಲ ಕೈ ಅದಕ್ಕೆ ತಾಗುತ್ತಿತ್ತು.

ಮಗಳು ಮೇಘಾಳಿಗೆ ಇಪ್ಪತ್ತೆರಡು. ಕೆಲಸಕ್ಕೆ ರಜೆ ಹಾಕಿ ಮನೆಗೆ ಬಂದಿದ್ದಳು. ಎಲ್ಲಕ್ಕೂ ಫೋನಿನಲ್ಲಿ ಅಲಾರಂ ಇಟ್ಟಿದ್ದಳು. "ಲಲಿತಾ ಆಂಟಿ, ನೀವು ರೆಸ್ಟ್ ಮಾಡಿ. ಐ ಗಾಟ್ ಇಟ್" ಎನ್ನುತ್ತಿದ್ದಳು. ಅವಳು ಅಳುವುದನ್ನು ನಾನು ನೋಡಲಿಲ್ಲ. ಗ್ಯಾರೇಜಿನಲ್ಲಿ ಕಾರಿನೊಳಗೆ ಕೂತು ಅಳುತ್ತಾಳೆ ಎಂದು ಆನಂದ ಹೇಳಿದರು.

ಗುರುವಾರ

ಆರು ದಿನ ನಾನು ಬಾಯಿ ಬಿಡಲಿಲ್ಲ. ಗಂಜಿ ಮಾಡಿದೆ, ಬಟ್ಟೆ ಮಡಿಸಿದೆ, ಕಾಲು ಒತ್ತಿದೆ. ಗುರುವಾರ ಮಧ್ಯಾಹ್ನ ಆನಂದ ಔಷಧಿ ಅಂಗಡಿಗೆ ಹೋಗಿದ್ದರು, ಮೇಘಾ ಮಹಡಿಯಲ್ಲಿದ್ದಳು. ಗೀತಾ ಎಚ್ಚರವಾಗಿದ್ದಳು. ಕುರ್ಚಿ ಎಳೆದುಕೊಂಡು ಕೂತೆ.

"ಗೀತಾ, ಮೇಡಂ ವಿಷಯ."

"ಅವರು ಹೋಗಿದ್ದು ನನಗೆ ಗೊತ್ತಾಗಿದ್ದು ನಾಕು ತಿಂಗಳು ಆದ್ಮೇಲೆ. ಯಾರೋ ವಾಟ್ಸಾಪಲ್ಲಿ ಹಾಕಿದ್ರು," ಎಂದಳು. "ನೀನು ಒಂದು ಲೈನ್ ಬರೀಲಿಲ್ಲ."

"ಅದಲ್ಲ. ಇನ್ನೊಂದಿದೆ."

ಕೊರೋನಾದ ಎರಡನೆಯ ಅಲೆಯಲ್ಲಿ ಮೇಡಂ ಆಸ್ಪತ್ರೆ ಸೇರಿದ್ದರು. ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಅಲ್ಲಿನ ನರ್ಸೊಬ್ಬರ ಫೋನಿನಿಂದ ನನಗೆ ಕರೆ ಮಾಡಿದರು. ಉಸಿರಿಗಾಗಿ ಮಾತು ಮಾತಿಗೂ ನಿಲ್ಲುತ್ತಿದ್ದರು. ಅವರು ಹೇಳಿದ್ದನ್ನು ಗೀತಾಳಿಗೆ ಹಾಗೇ ಹೇಳಿದೆ: "ಗೀತಾ ಮಾಡಿದ್ದು ಕಂಪ್ಯೂಟರಲ್ಲಿ ನೋಡ್ತಾ ಇರ್ತೀನಿ. ಚೆನ್ನಾಗಿ ಮಾಡ್ತಾಳೆ. ಅವಳಿಗೆ ಹೇಳು. ನನಗೆ ಫೋನ್ ಮಾಡೋಕೆ ಹೇಳು."

ಆಮ್ಲಜನಕದ ಯಂತ್ರ ಗುಂಯ್ ಎನ್ನುತ್ತಿತ್ತು.

"ನೀನು ಹೇಳಲಿಲ್ಲ," ಎಂದಳು ಗೀತಾ.

"ಹೇಳಲಿಲ್ಲ."

"ಇನ್ನೊಂದ್ಸಲ ಹೇಳು, ಅವರು ಹೇಳಿದ್ದು."

ಹೇಳಿದೆ. ಮತ್ತೆ ಹೇಳು ಎಂದಳು. ಮೂರು ಸಲ ಹೇಳಿಸಿದಳು. ಪಾಠ ಒಪ್ಪಿಸುವ ಹಾಗೆ ಒಪ್ಪಿಸಿದೆ.

"ಆಮೇಲೆ ಎಷ್ಟು ದಿನ ಇದ್ರು?"

"ಎರಡು ದಿನ."

"ಎರಡು ದಿನ. ನನ್ನ ಫೋನ್ ಯಾವಾಗ್ಲೂ ಆನ್ ಇರತ್ತೆ ಲಲಿತಾ." ಉಸಿರೆಳೆದುಕೊಂಡಳು. "ಯಾಕೆ ಹೇಳಲಿಲ್ಲ?"

ಇದಕ್ಕೆ ಎರಡು ವರ್ಷದಿಂದ ಹಲವು ಉತ್ತರ ಹೊಂದಿಸಿಟ್ಟುಕೊಂಡಿದ್ದೆ. ಲಾಕ್‌ಡೌನಿನ ಗಾಬರಿ, ನಂಬರ್ ಇರಲಿಲ್ಲ, ಮೇಡಂ ಹುಷಾರಾಗುತ್ತಾರೆ ಅಂದುಕೊಂಡಿದ್ದೆ. ಅವಳ ಕಣ್ಣ ಮುಂದೆ ಅವು ಯಾವುವೂ ಬಾಯಿಗೆ ಬರಲಿಲ್ಲ.

"ನಾನು ಕೊನೇವರೆಗೂ ಅವರ ಜೊತೆ ಇದ್ದೆ. ಇಪ್ಪತ್ತಾರು ವರ್ಷ. ಒಂದು ದಿನಾನೂ ನನಗೆ ಚೆನ್ನಾಗಿ ಮಾಡಿದೀಯ ಅಂದಿರಲಿಲ್ಲ," ಎಂದೆ.

ಗೀತಾ ಬೈಯುತ್ತಾಳೆ ಎಂದುಕೊಂಡೆ. ಅತ್ತರೆ ಕೈ ಹಿಡಿದುಕೊಳ್ಳೋಣ ಎಂದೂ ಅಂದುಕೊಂಡೆ. ಅವಳು ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು.

"ಈಗ ಹೋಗು. ಮೇಘಾನ ಕಳಿಸು."

ಶುಕ್ರವಾರ, ಶನಿವಾರ ಎರಡೂ ದಿನ ನನ್ನ ಕೈಯಿಂದ ಗಂಜಿ ಕುಡಿಯಲಿಲ್ಲ. ಮೇಘಾ ಕೊಟ್ಟರೆ ಕುಡಿದಳು. ನಾನು ಟಿಕೆಟ್ಟಿನ ದಿನಾಂಕ ಮುಂಚೆಗೆ ಬದಲಾಯಿಸುವುದು ಹೇಗೆಂದು ಆನಂದರನ್ನು ಕೇಳಿದೆ. "ಇರ್ರಿ ಅಕ್ಕಾರ, ಗಡಿಬಿಡಿ ಮಾಡಬ್ಯಾಡ್ರಿ" ಎಂದಷ್ಟೇ ಹೇಳಿದರು. ನಡೆದದ್ದು ಅವರಿಗೆ ಗೊತ್ತಾಗಿತ್ತೋ ಇಲ್ಲವೋ ಈಗಲೂ ನನಗೆ ತಿಳಿಯದು.

ಭಾನುವಾರ ಬೆಳಿಗ್ಗೆ ಗೀತಾ ನನ್ನನ್ನು ಹೆಸರು ಹಿಡಿದು ಕರೆದಳು.

"ನಿನ್ನ ಕೈ ನಡುಗತ್ತಾ?"

"ಇಲ್ಲ."

"ನಂದು ನಡುಗತ್ತೆ. ಮುಂದಿನ ಶನಿವಾರ, ಭಾನುವಾರ ಪ್ರದರ್ಶನ. ಹೆಸರು ಕೊಟ್ಟಿದೀನಿ. ವಾಪಸ್ ತಗೊಳಲ್ಲ. ನನಗೆ ನಿನ್ನ ಕೈ ಬೇಕು." ಉಸಿರೆಳೆದು ಸೇರಿಸಿದಳು, "ಕೈ ಮಾತ್ರ. ನಿನ್ನ ಅಭಿಪ್ರಾಯ ಬೇಡ."

ಕೊಂಬೆ ಮುರಿದ ದಿನ

ಅವಳಿಗೆ ರೆಡ್‌ಬಡ್ ಬೇಕಿತ್ತು. ಸೂಪರ್‌ಮಾರ್ಕೆಟ್ಟಿನಲ್ಲಿ ಹೂವಿನ ಬಕೆಟ್‌ಗಳ ಸಾಲೇ ಇದೆ, ಆದರೆ ಕೊಂಬೆ ಇಲ್ಲ. ಎಲ್ಲ ಗುಲಾಬಿಗೂ ಒಂದೇ ಉದ್ದದ ಕಡ್ಡಿ, ಸ್ಕೇಲ್ ಇಟ್ಟು ಬೆಳೆಸಿದ ಹಾಗೆ. ನಮ್ಮ ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆಗೆ ಕಡ್ಡಿಯೇ ಇರುವುದಿಲ್ಲ, ಮೊಳದಲ್ಲಿ ಅಳೆದು ಕೊಡುತ್ತಾರೆ. ಇಕೆಬಾನಾಕ್ಕೆ ಎರಡೂ ಪ್ರಯೋಜನವಿಲ್ಲ. ಬೇಕಾದದ್ದು ಬಿಸಿಲಿಗೆ ಬಾಗಿದ, ಗಾಳಿಗೆ ತಿರುಚಿದ ಕೊಂಬೆ.

ಸಾಲುಮನೆಗಳ ಹಿಂದಿನ ಹುಲ್ಲಿನಲ್ಲಿ ಒಂದು ರೆಡ್‌ಬಡ್ ಮರವಿತ್ತು. ಮೈಸೂರಿನಲ್ಲಿ ಪಕ್ಕದವರ ಕಾಂಪೌಂಡಿನಿಂದ ಹೊರಕ್ಕೆ ಚಾಚಿದ ಹೂ ನಮ್ಮದೇ ಎನ್ನುವುದು ಎಲ್ಲರೂ ಒಪ್ಪಿದ ಮಾತು. ಬುಟ್ಟಿ ಹಿಡಿದು ಬೆಳಗಾಗುವ ಮುಂಚೆ ಹೋದರಾಯಿತು. ನಾನೂ ಬೆಳಿಗ್ಗೆ ಕತ್ತರಿ ಹಿಡಿದು ಹೋಗಿ ಒಂದು ಕೊಂಬೆ ತೆಗೆದೆ. ನಾಯಿಯ ಜೊತೆ ಬಂದ ಒಬ್ಬ ಮುದುಕ ನಿಂತು, ತುಂಬ ನಯವಾಗಿ, ನೀವು ಇಲ್ಲಿ ವಾಸಿಸುತ್ತೀರಾ ಎಂದು ಕೇಳಿದ. ಮನೆ ತೋರಿಸಿದೆ. ‘ಹ್ಯಾವ್ ಎ ನೈಸ್ ಡೇ’ ಎಂದು ಹೋದ. ಮಧ್ಯಾಹ್ನ ಆನಂದರಿಗೆ ಅಲ್ಲಿನ ನಿವಾಸಿಗಳ ಸಂಘದಿಂದ ಈಮೇಲ್ ಬಂತು: ಸಾಮೂಹಿಕ ಜಾಗದ ಮರಕ್ಕೆ ಹಾನಿ ಮಾಡಲಾಗಿದೆ, ಫೋಟೋ ಲಗತ್ತಿಸಿದೆ. ಫೋಟೋದಲ್ಲಿ ನನ್ನ ಬೆನ್ನು, ನೈಟಿಯ ಮೇಲೆ ಹಾಕಿದ್ದ ಸ್ವೆಟರು, ಎತ್ತಿದ ಕೈ.

ನನಗೆ ನೆಲ ಬಿರಿಯಬಾರದೇ ಅನಿಸಿತು. ಮೇಘಾ ಉತ್ತರ ಟೈಪ್ ಮಾಡಿದಳು. ‘ನನ್ನ ತಾಯಿ ಸಾಯುತ್ತಿದ್ದಾರೆ. ಆ ಕೊಂಬೆ ಅವರಿಗಾಗಿ’ ಎಂದು ಎರಡೇ ಸಾಲು ಬರೆದು, ನನಗೆ ಓದಿ ಹೇಳಿ, ಕಳಿಸಿದಳು. ಬರೆಯುವಾಗ ಅವಳ ಮುಖದಲ್ಲಿ ಏನೂ ಕದಲಲಿಲ್ಲ. ಅದಕ್ಕೆ ಮತ್ತೆ ಉತ್ತರ ಬರಲಿಲ್ಲ. ಮರುದಿನದ ಐಸ್ ಪೆಟ್ಟಿಗೆಯಲ್ಲಿ ಮಾತ್ರ ಎರಡು ಮನೆಯ ಊಟವಿತ್ತು.

ಕೊಂಬೆಯನ್ನು ಗೀತಾಳಿಗೆ ತೋರಿಸಿದೆ. ತಿರುಗಿಸು ಎಂದಳು. ಇನ್ನೊಂದು ಕಡೆ. ತಲೆಕೆಳಗೆ. "ನೇರ ಇರೋದನ್ನೇ ಹುಡುಕಿದೀಯ. ಇನ್ನೂ ಕಮಲಾ ಮೇಡಂ ಕ್ಲಾಸಲ್ಲೇ ಇದೀಯ. ಇದು ಬೇಡ. ಮಿಚಿಕೊಗೆ ಫೋನ್ ಮಾಡು."

ಮಿಚಿಕೊಗೆ ಎಂಬತ್ತರ ಮೇಲೆ. ಗುಬ್ಬಚ್ಚಿಯಂಥ ಹೆಂಗಸು, ತಾವೇ ಕಾರು ಓಡಿಸಿಕೊಂಡು ಬಂದು ನನ್ನನ್ನು ತಮ್ಮ ಹಿತ್ತಲಿಗೆ ಕರೆದುಕೊಂಡು ಹೋದರು. ಹಿಮದ ಭಾರಕ್ಕೆ ಸೀಳಿ, ಹಾಗೇ ಬದುಕಿ ಹೂ ಬಿಟ್ಟಿದ್ದ ಒಂದು ಕೊಂಬೆಯಿತ್ತು. ಅರ್ಧ ತೊಗಟೆ ಇಲ್ಲ. ನನ್ನ ಪಂಥದಲ್ಲಿ ಅದನ್ನು ಕಸಕ್ಕೆ ಹಾಕುತ್ತಾರೆ. ಒಂಬತ್ತು ವರ್ಷ ನಾನು ಮನಸ್ಸಿನಲ್ಲೇ ಬೈದಿದ್ದ ಹೆಂಗಸು ಅವರು. ಅದನ್ನು ಕೊಯ್ದು ನನ್ನ ತೋಳಿನ ಮೇಲೆ ಮಗುವಿನ ಹಾಗೆ ಇಟ್ಟು, "ಗೀತಾ ನಿಮ್ಮ ಬಗ್ಗೆ ತುಂಬ ಹೇಳುತ್ತಿದ್ದಳು" ಎಂದು ನಿಧಾನ ಇಂಗ್ಲಿಷಿನಲ್ಲಿ ಹೇಳಿದರು. ಏನು ಹೇಳುತ್ತಿದ್ದಳೆಂದು ಕೇಳುವ ಧೈರ್ಯ ನನಗಿರಲಿಲ್ಲ.

ಕೊಂಬೆಯ ಜೊತೆಗೆ ಏನು ಎಂದು ಗೀತಾಳನ್ನು ಕೇಳಿದೆ. ಅವಳು ಕಪಾಟಿನ ಕಡೆ ಬೆರಳು ತೋರಿಸಿದಳು. ಅಲ್ಲಿ ನರ್ಸ್ ತಂದಿಟ್ಟಿದ್ದ ಹೊಸ ಆಮ್ಲಜನಕದ ಕೊಳವೆಯ ಪೊಟ್ಟಣಗಳಿದ್ದವು.

"ಅದನ್ನಾ? ಹೂವಿನ ಪಕ್ಕ ಇಡೋ ವಸ್ತುನಾ ಅದು?" ಬಾಯಿ ಜಾರಿತು.

"ನನ್ನ ಹತ್ರ ಈಗ ಇರೋದು ಅದೇ," ಎಂದಳು. "ನಾನು ನಿನ್ನ ಕೇಳಲಿಲ್ಲ."

ಐದು ದಿನ ಅವಳ ಮಂಚದ ಪಕ್ಕ ಒಂದು ಸಣ್ಣ ಮೇಜಿನ ಮೇಲೆ ಅಭ್ಯಾಸ ಮಾಡಿದೆವು. ಅವಳ ಹೂದಾನಿ ಕಪ್ಪು ಮಣ್ಣಿನದು, ನನ್ನ ಸೊಂಟದವರೆಗೆ ಬರುತ್ತಿತ್ತು. ಅದನ್ನು ಪ್ರದರ್ಶನಕ್ಕೆ ಮುಂಚೆಯೇ ಕಳಿಸಿ ಆಗಿತ್ತು. ಮನೆಯಲ್ಲಿ ಒಂದು ಛತ್ರಿ ಸ್ಟ್ಯಾಂಡಿನಲ್ಲಿ ಕೊಂಬೆ ನಿಲ್ಲಿಸಿದೆವು. ಪಾರದರ್ಶಕ ಕೊಳವೆಯನ್ನು ತೊಗಟೆ ಇಲ್ಲದ ಕಡೆ ಸುತ್ತಿ, ಕೊನೆಯನ್ನು ಗಾಳಿಯಲ್ಲಿ ಬಿಡಬೇಕು. ಎಷ್ಟು ಸುತ್ತು, ಎಲ್ಲಿ ಬಿಗಿ, ಎಲ್ಲಿ ಸಡಿಲ, ಅವಳು ಮಲಗಿದಲ್ಲಿಂದಲೇ ನೋಡಿ ಹೇಳುತ್ತಿದ್ದಳು. "ಕೆಳಗೆ." "ಜಾಸ್ತಿ ಆಯ್ತು." "ನೀನು ಅಂದ ಮಾಡ್ತಾ ಇದೀಯ. ಅಂದ ಮಾಡಬೇಡ." ಒಂದೊಂದು ಸಲ ಮಾತಿನ ನಡುವೆ ನಿದ್ದೆ ಹೋಗುತ್ತಿದ್ದಳು. ಎದ್ದ ಕೂಡಲೇ ಬಿಟ್ಟ ಕಡೆಯಿಂದ ಬೈಯುತ್ತಿದ್ದಳು. ಹೂವಿನ ಹೊರತಾಗಿ ಬೇರೆ ಒಂದು ಮಾತೂ ನನ್ನೊಡನೆ ಆಡಲಿಲ್ಲ. ಗುರುವಾರದ ವಿಷಯ ನಾನೂ ಎತ್ತಲಿಲ್ಲ. ಕ್ಷಮಿಸು ಎಂದು ಒಮ್ಮೆ ಶುರು ಮಾಡಿದ್ದೆ. "ಕೊಳವೆ ನೋಡು, ಜಾರ್ತಿದೆ" ಎಂದಳು.

ಪ್ರದರ್ಶನ, ಶನಿವಾರ

ಮನೆಯಿಂದ ಅರ್ಧ ಗಂಟೆ ದೂರದ ಒಂದು ತೋಟದ ಸಭಾಂಗಣ. ಬಿಳಿ ಬಟ್ಟೆ ಹಾಸಿದ ಮೇಜುಗಳು, ಪ್ರತಿಯೊಂದರ ಮೇಲೆ ಹೆಸರಿನ ಚೀಟಿ. ಎಲ್ಲ ಪಂಥದವರೂ ಇದ್ದರು. ಒಬ್ಬರಿಗೊಬ್ಬರು ಬಾಗಿ ನಮಸ್ಕರಿಸುತ್ತಿದ್ದರು, ಆದರೆ ಪಕ್ಕದ ಪಂಥದ ಮೇಜಿನ ಮುಂದೆ ನಿಲ್ಲುವಾಗ ಎಲ್ಲರ ತುಟಿಯೂ ಸ್ವಲ್ಪ ಬಿಗಿಯುತ್ತಿತ್ತು. ಸಂಗೀತ ಸಭೆಗಳಲ್ಲಿ ನೋಡಿದ್ದೇನಲ್ಲ, ಅದೇ ತುಟಿ.

ಎಡಗಡೆಯ ಮೂಲೆಯಲ್ಲಿ ನನ್ನ ಪಂಥದ ಶೋಕಾಗಳಿದ್ದವು. ಕಪ್ಪು ಪಾತ್ರೆಯಲ್ಲಿ ಐರಿಸ್ ಎಲೆಗಳು, ಮೂರು ಗೆರೆ, ಒಂದೇ ಪಾದ. ನೋಡಿದ ಕೂಡಲೇ ಬೆಂಗಳೂರಿನ ಆ ಕೋಣೆ, ಮೇಡಂ ಬೆರಳಿನ ತುದಿ ನೆನಪಾದವು. ಅಲ್ಲಿಗೆ ಹೋಗಿ ನಾನೂ ನಿಮ್ಮವಳೇ ಎನ್ನಬೇಕೆನಿಸಿತು. ನನ್ನ ಕೈಯಲ್ಲಿ ಸೀಳು ಕೊಂಬೆ, ಪ್ಲಾಸ್ಟಿಕ್ ಕೊಳವೆಯ ಪೊಟ್ಟಣ. ಬಲಗಡೆಗೆ ನಡೆದೆ.

ಮೇಘಾ ಫೋನ್ ಹಿಡಿದು ನಿಂತಳು, ಅದರಲ್ಲಿ ಮಂಚದ ಮೇಲಿನ ಗೀತಾ. ನಾನು ಕೊಂಬೆಯನ್ನು ನೆಲದ ಮೇಲಿಟ್ಟಿದ್ದ ಹೂದಾನಿಯಲ್ಲಿ ನಿಲ್ಲಿಸಿ, ಐದು ದಿನ ಕಲಿತಂತೆ ಕೊಳವೆ ಸುತ್ತಿದೆ. ಮುಗಿಸಿ ಹಿಂದೆ ಸರಿದು ನೋಡಿದೆ. ಸೀಳು ಎದುರಿಗೇ ಕಾಣುತ್ತಿತ್ತು. ಕಣ್ಣಿಗೆ ತಡೆಯಲಾಗಲಿಲ್ಲ. ಕೊಂಬೆಯನ್ನು ಒಂದಿಷ್ಟು ಆ ಕಡೆ ತಿರುಗಿಸಿದೆ, ಹೂವಿರುವ ಮಗ್ಗುಲು ಮುಂದೆ ಬರುವ ಹಾಗೆ.

"ಲಲಿತಾ," ಫೋನಿನಿಂದ ದನಿ ಬಂತು, "ತಿರುಗಿಸಿದ್ಯಾ?"

"ಸ್ವಲ್ಪ."

"ವಾಪಸ್ ತಿರುಗಿಸು."

ತಿರುಗಿಸಿದೆ.

"ಹ್ಞಾಂ. ಈಗ ಕೈ ತೆಗಿ."

ಕೈ ತೆಗೆದೆ. ಆ ಕ್ಷಣದಲ್ಲಿ ಅದು ನಿಂತ ಬಗೆಯನ್ನು ನಾನು ಹೇಗೆ ವಿವರಿಸಲಿ. ಗಾಯವಾದ ಕೊಂಬೆ ಬಾಗಿಲಿನ ಬೆಳಕಿನ ಕಡೆ ವಾಲಿತ್ತು. ಕೊಳವೆ ಅದನ್ನು ಸುತ್ತಿ, ಆಮೇಲೆ ಬಿಟ್ಟು, ಖಾಲಿ ಗಾಳಿಯಲ್ಲಿ ಒಂದು ದೊಡ್ಡ ವೃತ್ತ ಬರೆದಿತ್ತು. ಅದು ನನಗೆ ಇಷ್ಟವಾಯಿತು ಎಂದರೆ ಸುಳ್ಳು. ಆದರೆ ಅದರಿಂದ ಕಣ್ಣು ತೆಗೆಯಲು ಆಗಲಿಲ್ಲ. ಮೇಡಂ ಏನನ್ನು ನೋಡಿ ‘ಚೆನ್ನಾಗಿ ಮಾಡ್ತಾಳೆ’ ಎಂದಿದ್ದರೆಂದು ಆಗ ನನಗೆ ತಿಳಿಯಿತು. ನನಗೆ ಯಾಕೆ ಹೇಳಿರಲಿಲ್ಲ ಎನ್ನುವುದೂ ತಿಳಿಯಿತು. ಎರಡೂ ಒಟ್ಟಿಗೆ ತಿಳಿಯುವುದು ಸುಖದ ವಿಷಯವಲ್ಲ.

ಚೀಟಿಯ ಮೇಲೆ ಗೀತಾಳ ಹೆಸರು ಮಾತ್ರ ಇತ್ತು. ಜನ ಬಂದರು. ‘ಇಂಟರೆಸ್ಟಿಂಗ್’ ಎಂದು ಮುಂದೆ ಹೋದವರೇ ಹೆಚ್ಚು. ಒಬ್ಬ ನಡುವಯಸ್ಸಿನ ಗಂಡಸು ಕೊಳವೆ ಏನೆಂದು ಗುರುತಿಸಿ, ಟೋಪಿ ತೆಗೆದು, ಹತ್ತು ನಿಮಿಷ ನಿಂತ. ಯಾರನ್ನು ಕಳೆದುಕೊಂಡಿದ್ದನೋ.

ಮನೆಗೆ ಬಂದು ಅದನ್ನು ಗೀತಾಳಿಗೆ ಹೇಳಿದೆ. ಕೇಳಿಸಿಕೊಂಡಳು. ಆ ಸಂಜೆ ಪುಸ್ತಿಕೆಯಲ್ಲಿ ಬರೆದ ಹಾಗೆ ಅವಳ ಪಾದದ ಬಣ್ಣ ಬದಲಾಗತೊಡಗಿತ್ತು.

ಭಾನುವಾರ

ಪ್ರದರ್ಶನದಲ್ಲಿ ಎರಡನೆಯ ದಿನ ಬಾಗಿಲು ತೆರೆಯುವ ಮುಂಚೆ ಅವರವರು ಬಂದು ನೀರು ನೋಡಬೇಕು. ಬೆಳಿಗ್ಗೆ ಗೀತಾಳ ಉಸಿರು ಬಿಟ್ಟು ಬಿಟ್ಟು ಬರುತ್ತಿತ್ತು. ಹೋಗುವುದೋ ಬೇಡವೋ ಎಂದು ಆನಂದರ ಮುಖ ನೋಡಿದೆ. "ಹೋಗಿ ಬರ್ರಿ. ಆಕಿ ಎದ್ದರ ಮೊದಲ ಅದನ್ನ ಕೇಳ್ತಾಳ" ಎಂದರು. ಮಿಚಿಕೊ ಬಂದು ಕರೆದುಕೊಂಡು ಹೋದರು. ನಾನು ಗಡಿಬಿಡಿಯಲ್ಲಿ ಒಂದು ಮಗ್ ನೀರು ಹಾಕಿ, ಉದುರಿದ ನಾಲ್ಕು ಹೂ ಆರಿಸಿ, ಹತ್ತು ನಿಮಿಷದಲ್ಲಿ ಹೊರಟೆ.

ಮನೆ ಮುಟ್ಟಿದಾಗ ಆಮ್ಲಜನಕದ ಯಂತ್ರ ನಿಲ್ಲಿಸಿದ್ದರು. ಎರಡು ವಾರದಿಂದ ಆ ಸದ್ದು ಕೇಳಿ ಕೇಳಿ, ಅದಿಲ್ಲದ ಮನೆ ಬೇರೆ ಯಾರದೋ ಅನಿಸಿತು. ಮೇಘಾ ಮಂಚದ ಮೇಲೆ ಅಮ್ಮನ ಪಕ್ಕದಲ್ಲಿ ಮಲಗಿದ್ದಳು, ಬೂಟು ಕೂಡ ಬಿಚ್ಚದೆ. ಆನಂದ ನಿಂತೇ ಇದ್ದರು.

"ಇಪ್ಪತ್ತು ನಿಮಿಷ ಆತ್ರಿ ಅಕ್ಕಾರ."

ನಾನು ಅವಳ ಪಾದದ ಹತ್ತಿರ ನೆಲದ ಮೇಲೆ ಕೂತೆ. ಆಮೇಲೆ ಕೇಳಿದೆ, ಏನಾದರೂ ಹೇಳಿದಳಾ ಎಂದು. ಕೇಳಬಾರದಿತ್ತು. ಕೇಳದೆ ಇರಲೂ ಆಗಲಿಲ್ಲ.

"ಒಮ್ಮೆ ಕಣ್ಣು ಬಿಟ್ಟಳ್ರಿ. ಲಲಿತಾ ಎಲ್ಲಿ ಅಂದಳು. ನೀರು ಹಾಕಾಕ ಹೋಗ್ಯಾರ ಅಂದೆ." ಆನಂದ ಕನ್ನಡಕ ತೆಗೆದು ಒರೆಸಿದರು. "‘ಅವಳು ಯಾವಾಗ್ಲೂ ಕಡಿಮೆ ಹಾಕ್ತಾಳೆ’ ಅಂದಳು. ಅಷ್ಟರಿ. ಆಮ್ಯಾಲೆ ಮಾತಾಡಲಿಲ್ಲ."

ನರ್ಸ್ ಬಂದಳು, ಗಡಿಯಾರ ನೋಡಿ ಸಮಯ ಬರೆದುಕೊಂಡಳು, ಫ್ರಿಜ್ಜಿನಿಂದ ಮಾರ್ಫಿನ್ ತೆಗೆದು ಚೆಲ್ಲಿದಳು. ಕೋಟು ತೊಟ್ಟ ಇಬ್ಬರು ಬಂದು ಗೀತಾಳನ್ನು ಕರೆದುಕೊಂಡು ಹೋದರು. ನಮ್ಮಲ್ಲಾದರೆ ಆ ಹೊತ್ತಿಗೆ ಮನೆಯ ಮುಂದೆ ಬೀದಿಯೇ ನೆರೆದಿರುತ್ತಿತ್ತು. ಅಲ್ಲಿ ಎದುರುಮನೆಯ ಕಿಟಕಿಯಲ್ಲಿ ಒಂದು ಪರದೆ ಸರಿದು ಮುಚ್ಚಿತು.

ಸಂಜೆ ನಾಲ್ಕಕ್ಕೆ ಪ್ರದರ್ಶನ ಮುಗಿಯುತ್ತದೆ, ಎಲ್ಲರೂ ತಮ್ಮ ತಮ್ಮದನ್ನು ತಾವೇ ಬಿಚ್ಚಬೇಕು. ಬೇರೆಯವರು ಬಿಚ್ಚುತ್ತಾರೆ ಬಿಡಿ ಎಂದು ಮಿಚಿಕೊ ಹೇಳಿದರು. ನಾನು ಬರುತ್ತೇನೆ ಎಂದೆ. ಸಭಾಂಗಣದಲ್ಲಿ ಬರೀ ಕತ್ತರಿಗಳ ಸದ್ದು. ಸುದ್ದಿ ತಲುಪಿತ್ತು. ಎಡಗಡೆಯವರು, ಬಲಗಡೆಯವರು ಎಲ್ಲರೂ ನಾನು ಹಾದು ಹೋಗುವಾಗ ಕೆಲಸ ನಿಲ್ಲಿಸಿ ಬಾಗಿದರು. ನನಗೆ ಬಾಗಬೇಡಿ ಎಂದು ಹೇಳಬೇಕಿತ್ತು. ಯಾವ ಭಾಷೆಯಲ್ಲಿ ಹೇಳಲಿ?

ಕೊಳವೆಯನ್ನು ಬಿಚ್ಚಿ ಸುರುಳಿ ಮಾಡಿದೆ. ಕೊಂಬೆಯನ್ನು ಎತ್ತಿ ಕಾಗದದ ಮೇಲೆ ಮಲಗಿಸಿದೆ. ಹೂಗಳು ಬೆಳಿಗ್ಗೆಗಿಂತ ಹೆಚ್ಚು ಮುದುಡಿದ್ದವು. ಆಮೇಲೆ ಸ್ವೆಟರಿನ ತೋಳು ಮೇಲಕ್ಕೆ ಮಡಿಸಿ ಹೂದಾನಿಯೊಳಗೆ ಕೈ ಇಳಿಸಿದೆ. ಮಣಿಕಟ್ಟು ಹೋಯಿತು, ಮೊಣಕೈ ಹೋಯಿತು, ಭುಜ ಅಂಚಿಗೆ ತಾಗಿತು. ಆಗ ಬೆರಳ ತುದಿಗೆ ತಣ್ಣಗೆ ನೀರು ಸಿಕ್ಕಿತು.

ಮಿಚಿಕೊ ಬಕೆಟ್ ಹಿಡಿದು ಪಕ್ಕದಲ್ಲಿ ನಿಂತಿದ್ದರು. ನೀರು ತುಂಬ ಇದೆಯಾ ಎಂದು ಕೇಳಿದರು.

"ಇಲ್ಲ," ಎಂದೆ. "ಬಕೆಟ್ ಬೇಡ."